ಗಾಜಿನ ಪಾತ್ರೆಯಲ್ಲಿ ಸೂರ್ಯ

ಬೆಳಿಗ್ಗೆ ಟೀಗೆ ನೀರಿಟ್ಟು ನಿಂತಿದ್ದಾಗ ಸುಮ್ನೆ ಕೋಲ್ಡ್ ಫ್ಯೂಷನ್ ನೆನಪಾಯಿತು. ಸೂರ್ಯನ ವಿಪರೀತ ಬಿಸಿಯಲ್ಲಿ ಪರಮಾಣು ಬೀಜಗಳು ಬೆಸೆದು ಶಕ್ತಿ ಕೊಡುತ್ತವಲ್ಲ, ಅದನ್ನೇ ಮಾಮೂಲಿ ತಾಪದಲ್ಲಿ ಮಾಡುವ ಮಾತು.

1989ರ ಮಾರ್ಚ್ 23. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ರಸಾಯನ ವಿಜ್ಞಾನಿಗಳಾದ ಫ್ಲೈಶ್‌ಮನ್, ಪಾನ್ಸ್ ಇಬ್ಬರೂ ಪತ್ರಕರ್ತರನ್ನು ಕರೆದು, ಮೇಜಿನ ಮೇಲಿನ ಗಾಜಿನ ಪಾತ್ರೆಯಲ್ಲೇ ಪರಮಾಣು ಸಮ್ಮಿಲನ ಆಗಿದೆ ಅಂದುಬಿಟ್ಟರು. ಇದ್ದದ್ದು ಇಷ್ಟೇ: ಭಾರಜಲ (ಮಾಮೂಲಿ ಹೈಡ್ರೋಜನ್ ಬದಲು ಅದರ ಭಾರದ ರೂಪ ಡ್ಯುಟೀರಿಯಂ ಇರುವ ನೀರು), ಅದರಲ್ಲಿ ಮುಳುಗಿಸಿದ ಪಲ್ಲೇಡಿಯಂ ಲೋಹದ ಕಡ್ಡಿ, ಸುತ್ತ ಪ್ಲಾಟಿನಂ ತಂತಿ, ಒಂದಿಷ್ಟು ಕರೆಂಟು. ಪಲ್ಲೇಡಿಯಂ ತನ್ನ ಗಾತ್ರದ ಸುಮಾರು 900 ಪಟ್ಟು ಹೈಡ್ರೋಜನ್ ಹೀರಿಕೊಳ್ಳುತ್ತದೆ, ಸ್ಪಂಜಿನ ಹಾಗೆ. ಒಳಗೆ ಒತ್ತೊತ್ತಾಗಿ ಕೂತ ಡ್ಯುಟೀರಿಯಂ ಒಂದಕ್ಕೊಂದು ಬೆಸೆದು ಶಾಖ ಕೊಡುತ್ತದೆ ಅನ್ನುವುದು ಅವರ ವಾದ.

ಬೇರೆಯವರು ಮಾಡಿ ನೋಡಿದರೆ ಬಹಳ ಕಡೆ ಏನೂ ಬರಲಿಲ್ಲ. ಸಮ್ಮಿಲನದಿಂದಲೇ ಅಷ್ಟು ಶಾಖ ಬಂದಿದ್ದರೆ ಜೊತೆಗೆ ನ್ಯೂಟ್ರಾನ್ ಕಣಗಳೂ ರಾಶಿ ರಾಶಿ ಬರಬೇಕಿತ್ತು ಅಲ್ವಾ? (ಬಂದಿದ್ದರೆ ಆ ವಿಕಿರಣಕ್ಕೆ ಪಕ್ಕದಲ್ಲಿ ನಿಂತವರ ಗತಿ!) ನಮ್ಮ ಮುಂಬೈನ ಬಿಎಆರ್‌ಸಿಯವರೂ (ಭಾಭಾ ಅಣು ಸಂಶೋಧನಾ ಕೇಂದ್ರ) ಆಗ ಸಮ್ಮಿಲನದ ಗುರುತಾದ ಟ್ರಿಷಿಯಂ, ಅಂದರೆ ಹೈಡ್ರೋಜನ್‌ನ ಇನ್ನೂ ಭಾರದ ರೂಪ, ಕಂಡಿತೆಂದು ವರದಿ ಮಾಡಿದ್ದರು. ಮೂವತ್ತು ವರ್ಷ ಕಳೆದು, 2019ರಲ್ಲಿ, ಗೂಗಲ್ ದುಡ್ಡು ಹಾಕಿದ ತಂಡವೂ ಹುಡುಕಿ ಹುಡುಕಿ ಪುರಾವೆ ಸಿಗಲಿಲ್ಲ ಅಂದಿತು.

ಆದರೂ ಕೆಲವರು ಬಿಟ್ಟಿಲ್ಲ. ನನಗೆ ಅವರ ಮೇಲೆ ಒಂಥರಾ ಪ್ರೀತಿಯೇ. ಪತ್ರಕರ್ತರನ್ನು ಕರೆಯುವ ಮೊದಲು ಆ ಇಬ್ಬರು ಇನ್ನೊಂದು ಸಲ ಅಳೆದು ನೋಡಬೇಕಿತ್ತು ಅನ್ನಿಸುತ್ತದೆ, ಅಷ್ಟೇ.

ಅಷ್ಟರಲ್ಲಿ ಟೀ ಉಕ್ಕಿ ಒಲೆ ಆರಿತ್ತು.