ಎಮ್ಮೆ ಕಲಕಿದ ನೀರು, ನಾಲ್ಕು ಗೆಂಡೆ

ಕಳೆದ ಭಾನುವಾರ ತುಂಗಭದ್ರೆಯಲ್ಲಿ ನಾಲ್ಕು ಗೆಂಡೆ ಸಿಕ್ಕವು. ನಲವತ್ತು ನಿಮಿಷದಲ್ಲಿ ನಾಲ್ಕು, ಅದೂ ಒಂದೇ ಫ್ಲೈಗೆ, ಅಂದರೆ ಹುಕ್ಕಿಗೆ ಉಣ್ಣೆ, ದಾರ ಸುತ್ತಿ ಕಟ್ಟಿದ ನಕಲಿ ಹುಳಕ್ಕೆ. ದೊಡ್ಡ ಮೀನೇನಲ್ಲ, ಗೇಣಿಗಿಂತ ಸ್ವಲ್ಪ ಉದ್ದ ಅಷ್ಟೇ. ಆದರೆ ನವೆಂಬರಿನಿಂದ ಹದಿನಾಲ್ಕು ವಾರ ಹುಬ್ಬಳ್ಳಿ-ಧಾರವಾಡದ ಸುತ್ತ ಜಾಗ ಹುಡುಕಿ ಅಲೆದಿದ್ದೆ. ಕೆರೆ, ಹಳ್ಳ, ಕಾಲುವೆ ಎಲ್ಲ ಆಗಿತ್ತು. ಒಂದು ಮೀನೂ ಫ್ಲೈ ಮುಟ್ಟಿರಲಿಲ್ಲ. ಮೊದಲ ಗೆಂಡೆ ಕೈಗೆ ಬಂದಾಗ ನಾನು ಜೋರಾಗಿ ಕೂಗಿಬಿಟ್ಟೆ. ದಂಡೆಯ ಮೇಲಿದ್ದ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

ರಾಡ್ ಅದೇ ಹಳೆಯ ಒಂಬತ್ತು ಅಡಿಯ 5 ವೇಟ್ (ವೇಟ್ ಅಂದರೆ ಲೈನಿನ ಭಾರದ ಅಂಕಿ, ರಾಡಿಗೂ ಲೈನಿಗೂ ಅದು ಹೊಂದಬೇಕು). ಲೈನು ಬೀಸುವ ಕಾಸ್ಟಿಂಗ್, ಗಂಟು, ಲೈನಿನ ತುದಿಗೆ ಕಟ್ಟುವ ತೆಳು ಲೀಡರ್ ಇದೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಈ ಸಲ ಬರೆಯಬೇಕಿರುವುದು ನೀರಿನ ಬಣ್ಣದ ಬಗ್ಗೆ. ಮೂರು ತಿಂಗಳು ನನ್ನ ನಿದ್ದೆ ಕೆಡಿಸಿದ್ದು ಅದೊಂದೇ.

ನಮ್ಮ ಕಡೆಯ ಮಣ್ಣು ನೋಡಿ. ಧಾರವಾಡದಿಂದ ಪಡುವಣಕ್ಕೆ, ಕಲಘಟಗಿ ಕಡೆ ಹೋದರೆ ಮಸಾರಿ, ಕೆಂಪು ನೆಲ. ಮೂಡಣಕ್ಕೆ ನವಲಗುಂದ, ಗದಗ ಕಡೆ ತಿರುಗಿದರೆ ಎರೆ, ಕಪ್ಪು ನೆಲ. ಎರೆ ಹೊಲಕ್ಕೆ ಚಿನ್ನ, ಫ್ಲೈ ಹಾಕುವವರಿಗೆ ಶತ್ರು. ಆ ಜೇಡಿ ಎಷ್ಟು ನುಣುಪು ಎಂದರೆ ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ಚಿಕ್ಕದು. ಕಣಗಳ ಮೇಲೆ ಒಂದೇ ಬಗೆಯ ವಿದ್ಯುತ್ತು ಇರುತ್ತದೆ. ಒಂದನ್ನೊಂದು ದೂಡುತ್ತಾ ನೀರಿನಲ್ಲೇ ತೇಲುತ್ತವೆ, ತಳಕ್ಕೆ ಕೂರುವುದೇ ಇಲ್ಲ. ಹಿಂದೆ ಕೆರೆ ನೀರಿಗೆ ಪಟಿಕ ತಿರುಗಿಸಿ ಕುಡಿಯುತ್ತಿದ್ದರಲ್ವಾ, ಅದು ಇದಕ್ಕೇ. ಪಟಿಕದ ಅಲ್ಯೂಮಿನಿಯಂ ಆ ಕಣಗಳನ್ನು ಒಂದಕ್ಕೊಂದು ಅಂಟಿಸಿ ಕೆಳಗಿಳಿಸುತ್ತದೆ. ಇಡೀ ಕೆರೆಗೆ ಪಟಿಕ ತಿರುಗಿಸೋರು ಯಾರು? ಮಳೆ ನಿಂತು ಎರಡು ತಿಂಗಳಾದರೂ ಕೆಲವು ಕೆರೆಗಳು ಚಹಾದ ಬಣ್ಣದಲ್ಲೇ ಇದ್ದವು.

ಹುಳದ ಗಾಳಕ್ಕೆ ಇದು ತೊಂದರೆಯೇ ಅಲ್ಲ. ಮೀನು ಮೂಸಿ ಬರುತ್ತದೆ. ನಮ್ಮ ಫ್ಲೈಗೆ ವಾಸನೆ ಇಲ್ಲ, ಕಂಡರೆ ಮಾತ್ರ ಬರುತ್ತದೆ.

ಅದಕ್ಕೇ ಡಿಸೆಂಬರಿನಲ್ಲಿ ಒಂದು ಸೆಕಿ ಡಿಸ್ಕ್ ಮಾಡಿಕೊಂಡೆ. 1865ರಲ್ಲಿ ಆಂಜೆಲೊ ಸೆಕಿ ಎಂಬ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿಯೂ ಹೌದು, ಪೋಪ್ ಅವರ ಹಡಗಿನಿಂದ ಮೆಡಿಟರೇನಿಯನ್ ಸಮುದ್ರಕ್ಕೆ ಬಿಳಿ ತಟ್ಟೆ ಇಳಿಸಿ ನೀರಿನ ತಿಳಿ ಅಳೆದರು. ಕಪ್ಪು-ಬಿಳುಪಿನ ನಾಲ್ಕು ಭಾಗ ಮಾಡಿದ್ದು ಆಮೇಲೆ ಬಂದವರು. ನನ್ನದು 20 ಸೆಂಟಿಮೀಟರ್ ಅಗಲದ ಹಳೆಯ ಸ್ಟೀಲ್ ತಟ್ಟೆ. ನಡುವೆ ತೂತು, ಕೆಳಗೆ ಒಂದು ನಟ್ಟು-ಬೋಲ್ಟು ಭಾರಕ್ಕೆ, ಹಗ್ಗಕ್ಕೆ ಐದು ಸೆಂಟಿಮೀಟರಿಗೊಂದು ಗುರುತು. ತಟ್ಟೆ ಕಾಣದಾಗುವ ಆಳ ಬರೆದುಕೊಳ್ಳಿ, ಮೇಲೆತ್ತುವಾಗ ಮತ್ತೆ ಕಾಣುವ ಆಳ ಬರೆದುಕೊಳ್ಳಿ, ಎರಡರ ಸರಾಸರಿ ತೆಗೆಯಿರಿ. ಹತ್ತರಿಂದ ಎರಡು ಗಂಟೆಯೊಳಗೆ, ನೆರಳಿರುವ ಬದಿಯಲ್ಲಿ ಅಳೆಯಬೇಕು. ಖರ್ಚು ಬಣ್ಣದ್ದು ಮಾತ್ರ.

ನವಲಗುಂದ ದಾರಿಯ ಒಂದು ಎರೆ ಕೆರೆ: 12 ಸೆಂಟಿಮೀಟರ್. ತಟ್ಟೆ ಇಳಿಸಿದೆನೋ ಇಲ್ಲವೋ ಮಾಯ. ಧಾರವಾಡದ ಪಡುವಣಕ್ಕೆ ಒಂದು ಮಸಾರಿ ಕೆರೆ: 35. ಅಲ್ಲಿ ಸಂಜೆಯಾದರೆ ಮೀನು ಎದ್ದೆದ್ದು ಬೀಳುತ್ತಿದ್ದವು. ಮೂರು ವಾರ ಅಲ್ಲೇ ಕಳೆದೆ. ಆಮೇಲೆ ಗೊತ್ತಾಯಿತು, ಮೇಲೆ ಬಾಯಿ ತೆರೆಯುತ್ತಿದ್ದದ್ದು ಕಾಟ್ಲಾ. ಅದು ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತದೆ, ನೀರಿನ ಮೇಲೆ ತೇಲುವ 14 ನಂಬರ್ ಹುಕ್ಕಿನ ಡ್ರೈ ಫ್ಲೈ ಅದರ ಲೆಕ್ಕಕ್ಕೇ ಇಲ್ಲ. ಉಳಿದವು ಕೊರವ. ಕೊರವ ಗಾಳಿ ಕುಡಿಯಲೂ ಮೇಲೆ ಬರುತ್ತದೆ, ತಿನ್ನಲು ಮಾತ್ರ ಅಲ್ಲ. ಏಳುವ ಮೀನೆಲ್ಲ ಉಣ್ಣುವ ಮೀನಲ್ಲ. ಕೊರವಕ್ಕೆ ಕಪ್ಪೆಯಂತೆ ನೀರಿನ ಮೇಲೆ ಸದ್ದು ಮಾಡುವ ಪಾಪರ್ ಫ್ಲೈ ಹಾಕಬಹುದಿತ್ತು, ಆದರೆ ಅಲ್ಲಿ ಒಂದು ಜೋಡಿ ಕೆಂಪು ಮರಿಗಳ ಗುಂಪನ್ನು ಕಾಯುತ್ತಿತ್ತು. ಮರಿ ಕಾಯುವ ಮೀನಿಗೆ ಗಾಳ ಹಾಕಬಾರದು. ತಾಯಿ-ತಂದೆಯನ್ನು ಎತ್ತಿದ ಐದೇ ನಿಮಿಷದಲ್ಲಿ ಮರಿಗಳನ್ನು ಬೇರೆ ಮೀನು ಮುಗಿಸಿಬಿಡುತ್ತವೆ.

ಇನ್ನೊಂದು ಮಾತು, ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರರನ್ನು ಕೇಳದೆ ರಾಡ್ ಬಿಚ್ಚಬೇಡಿ. ನಾನು ಕೇಳಿದವರೆಲ್ಲ ನಕ್ಕು ಹೂಂ ಅಂದರು, ಹಿಡಿದು ಬಿಡುತ್ತೇನೆ ಎಂದಾಗಲಂತೂ ಚಹಾ ಕುಡಿಸಿದರು. ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ಮಾತ್ರ ಪಟ್ಟಿಯಿಂದ ಪೂರ್ತಿ ತೆಗೆದೆ. ಅದು ಪಕ್ಷಿಗಳಿಗೆ ಮೀಸಲಾದ ಕೆರೆ, 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಅಲ್ಲಿಗೆ ದುರ್ಬೀನು ಒಯ್ಯಿರಿ, ರಾಡ್ ಬೇಡ.

ಜನವರಿಯಲ್ಲಿ ನದಿಗೆ ತಿರುಗಿದೆ. ಹಾವೇರಿಗೆ ಹೋಗಿ, ಗುತ್ತಲ ದಾಟಿ ತುಂಗಭದ್ರೆಯ ದಂಡೆ. ವರದೆ ಬಂದು ಸೇರುವ ಗಳಗನಾಥ, ಮುಕ್ತೇಶ್ವರ ಗುಡಿ ಇರುವ ಚೌಡದಾನಪುರ, ಎರಡರ ನಡುವೆ ಸಾಕಷ್ಟು ಓಡಾಡಿದೆ. ಗುಡಿ ಘಟ್ಟಗಳ ಹತ್ತಿರ ಹಾಕುವುದಿಲ್ಲ, ಅಲ್ಲಿಯ ಮೀನಿಗೆ ಭಕ್ತರು ಮಂಡಕ್ಕಿ ಹಾಕುತ್ತಾರೆ. ದೂರದಲ್ಲಿ ಒಂದು ಕಲ್ಲಿನ ಹಾಸು ಸಿಕ್ಕಿತು. ತಟ್ಟೆ ಇಳಿಸಿದೆ. 140 ಸೆಂಟಿಮೀಟರ್! ಖುಷಿಯಲ್ಲಿ ಕೈ ನಡುಗಿತು. ತಳದ ಕಲ್ಲು ಕಾಣುತ್ತಿತ್ತು, ಕಲ್ಲಿನ ಮೇಲೆ ಮೇಯುವ ಗೆಂಡೆಗಳೂ ಕಾಣುತ್ತಿದ್ದವು.

ಅಲ್ಲೂ ಒಂದೂ ಸಿಗಲಿಲ್ಲ. ನಾಲ್ಕು ಭಾನುವಾರ. ನನಗೆ ಮೀನು ಕಂಡರೆ ಮೀನಿಗೂ ನಾನು ಕಾಣುತ್ತೇನೆ, ಅಷ್ಟು ಸರಳ. ರಾಡ್ ಎತ್ತಿದ ಕೂಡಲೇ ಅದರ ನೆರಳಿಗೆ ಇಡೀ ಗುಂಪು ಆಳಕ್ಕೆ ಸರಿಯುತ್ತಿತ್ತು. ಮೊಣಕಾಲೂರಿ ಹಾಕಿದೆ. ಲೀಡರ್ ಅನ್ನು ಹದಿನಾಲ್ಕು ಅಡಿಗೆ ಉದ್ದ ಮಾಡಿದೆ. ಲೀಡರಿನ ಕೊನೆಯ ಎಳೆಯಾದ ಟಿಪೆಟ್ 4ಎಕ್ಸ್ ಬಿಟ್ಟು ಇನ್ನೂ ತೆಳುವಾದ 6ಎಕ್ಸ್‌ಗೆ ಇಳಿದೆ. ಮೂಡಗಾಳಿ ಬೀಸಿತೆಂದರೆ ಆ ಉದ್ದದ ಲೀಡರ್ ಸಿಕ್ಕುಗಟ್ಟಿ ಹಕ್ಕಿಗೂಡಿನ ಹಾಗೆ ಬೀಳುತ್ತಿತ್ತು.

ಇದರ ಜೊತೆಗೆ ಲೈನಿನ ಕಾಟ ಬೇರೆ. ನಮ್ಮಲ್ಲಿ ಬಹಳ ಜನರ ಹತ್ತಿರ ಇರುವುದು ಚಳಿ ದೇಶದ ಟ್ರೌಟ್ ಮೀನಿಗೆ ಮಾಡಿದ ಲೈನು. ಹಾವೇರಿಯ ಬಿಸಿಲಿಗೆ ಅದರ ಮೇಲ್ಪದರ ಮೆತ್ತಗಾಗಿ ಗೈಡಿಗೆ, ಅಂದರೆ ಲೈನು ಹಾಯುವ ರಾಡಿನ ಬಳೆಗೆ, ಅಂಟುತ್ತದೆ. ಬಿಸಿ ನಾಡಿನ ಲೈನು ಬೇಕೆಂದು ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರಿಗೆ ಆರ್ಡರ್ ಕೊಟ್ಟೆ. ಐದು ವಾರ ಕಾದ ಮೇಲೆ ಡಬ್ಬಿ ಬಂತು. ಡಬ್ಬಿಯ ಮೇಲೆ 5, ಒಳಗೆ 8 ವೇಟ್ ಲೈನು! ಬರೆದೆ, ಫೋಟೋ ಕಳಿಸಿದೆ, ಅಡುಗೆ ತಕ್ಕಡಿಯಲ್ಲಿ ಮೊದಲ 30 ಅಡಿ ತೂಗಿ ಲೆಕ್ಕವನ್ನೂ ಕಳಿಸಿದೆ. 5 ವೇಟಿನ ಮೊದಲ 30 ಅಡಿ 140 ಗ್ರೇನ್, ಅಂದರೆ ಒಂಬತ್ತು ಗ್ರಾಂ ಸುಮಾರು. ಇದು ಹತ್ತಿರ ಹತ್ತಿರ ಹದಿನಾಲ್ಕು ಗ್ರಾಂ ತೂಗಿತು. ‘ಬಳಸಿ ನೋಡಿ’ ಎಂದು ಉತ್ತರ ಬಂತು. ದುಡ್ಡು ಕೊಟ್ಟು ಐದು ವಾರ ಕಾದವರಿಗೆ ಹೀಗೆ ಹೇಳಬಾರದು. ಆ ಡಬ್ಬಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಈಗ ಕಳೆದ ಭಾನುವಾರ. ಬೆಳಿಗ್ಗೆ ಎಂಟರಿಂದ ಹಾಕುತ್ತಿದ್ದೆ. ಹನ್ನೊಂದರ ಹೊತ್ತಿಗೆ ಹತ್ತು ವರ್ಷದ ಒಬ್ಬ ಹುಡುಗ ಬಂದು ಹಿಂದೆ ನಿಂತ. ಸ್ವಲ್ಪ ಹೊತ್ತು ನನ್ನ ಕಾಸ್ಟಿಂಗ್ ನೋಡಿ ಕೇಳಿದ, ‘ಸರ, ಬಾರಕೋಲ ಭಾಳ ಉದ್ದ ಐತಿ. ಎಮ್ಮಿ ಎಲ್ಲಿ ಅದಾವು?’

ಎಮ್ಮೆಗಳು ಅವನ ಹಿಂದೆಯೇ ಇದ್ದವು. ಹನ್ನೆರಡೋ ಹದಿಮೂರೋ. ಹರಿವಿನ ಮೇಲ್ಬದಿಗೆ, ನನ್ನಿಂದ ಮೂವತ್ತು ಅಡಿ ದೂರದಲ್ಲಿ ಹೊಳೆಗೆ ಇಳಿದವು. ಕೆಸರು ಎದ್ದಿತು. ಇವತ್ತಿನ ಕೆಲಸ ಮುಗಿಯಿತು ಎಂದು ಲೈನು ಸುತ್ತತೊಡಗಿದೆ. ಅಷ್ಟರಲ್ಲಿ ಆ ಕೆಸರು ಒಂದು ಪಟ್ಟಿಯ ಹಾಗೆ ಹರಿದು ನನ್ನ ಮುಂದೆ ಬಂತು. ಒಂದು ಬದಿ ಕಂದು, ಒಂದು ಬದಿ ತಿಳಿ, ನಡುವೆ ಗೆರೆ ಎಳೆದಂತೆ ಅಂಚು. ಆ ಅಂಚಿನಲ್ಲಿ ಬೆಳ್ಳಿ ಹೊಳೆಯಿತು. ಮತ್ತೆ ಹೊಳೆಯಿತು. ಗೆಂಡೆಗಳು ಪಕ್ಕ ತಿರುಗಿಸಿ ತಿನ್ನುತ್ತಿದ್ದವು. ನಾಲ್ಕು ವಾರದಿಂದ ನನ್ನ ನೆರಳಿಗೆ ಓಡುತ್ತಿದ್ದ ಮೀನು, ಎಮ್ಮೆಗಳಿಂದ ಹರಿವಿನ ಕೆಳಬದಿಗೆ ಸಾಲುಗಟ್ಟಿ ನಿಂತಿದ್ದವು!

ಎಮ್ಮೆಯ ಕಾಲು ತಳದ ಕೆಸರನ್ನು ಕೆದಕುತ್ತದೆ. ಅದರೊಳಗೆ ಏರೋಪ್ಲೇನ್ ಚಿಟ್ಟೆಯ ಮರಿ, ನೊಣದಂಥ ಕೀಟದ ಕೆಂಪು ಹುಳ ಎಲ್ಲ ಇರುತ್ತವೆ. ಆ ಹುಳ ಕೆಂಪಗಿರುವುದು ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಅದರಲ್ಲೂ ಇರುವುದರಿಂದ, ಗಾಳಿ ಕಡಿಮೆ ಇರುವ ಕೆಸರಿನಲ್ಲಿ ಬದುಕಲು ಅದು ಬೇಕು. ಊಟ ತೇಲಿ ಬರುತ್ತದೆ, ಕೆಸರಿನ ಪರದೆ ನನ್ನನ್ನು ಮರೆ ಮಾಡುತ್ತದೆ. ಅಂಚಿನಲ್ಲಿ ತಟ್ಟೆ ಇಳಿಸಿ ನೋಡಿದೆ, 50. ನಾನು ಇಷ್ಟು ದಿನ ಅತಿ ತಿಳಿ ನೀರು ಹುಡುಕುತ್ತಿದ್ದೆ. ಬೇಕಿದ್ದದ್ದು ಕಲಕಿದ ನೀರೂ ತಿಳಿ ನೀರೂ ಸೇರುವ ಗೆರೆ.

ಫ್ಲೈ ವಿವರ ಕೇಳುತ್ತೀರಿ, ಹೇಳಿಬಿಡುತ್ತೇನೆ. 12 ನಂಬರ್ ಹುಕ್ಕು, ಹಿಂಮುಳ್ಳು (ಬಾರ್ಬ್) ಒತ್ತಿದ್ದು. ಮೈಗೆ ಕರಿ ಕಂಬಳಿಯ ಉಣ್ಣೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು, ಎಳೆಗಳು ಹೊರಗೆ ಚಾಚಿ ಕಾಲಿನ ಹಾಗೆ ಅಲುಗುತ್ತವೆ. ಪೊಟ್ಟಣದಲ್ಲಿ ಬರುವ ಯಾವ ಡಬ್ಬಿಂಗ್ ನಾರಿಗೂ ಆ ಜೀವ ಇಲ್ಲ. ರಾಣೆಬೆನ್ನೂರಿನ ಸಂತೆಯಲ್ಲಿ ಕಂಬಳಿ ಮಾರುವ ಅಜ್ಜ ಒಂದು ಹಿಡಿ ಉಣ್ಣೆಯನ್ನು ಸುಮ್ನೆ ಕೊಟ್ಟರು. ಅದರ ಮೇಲೆ ತಾಮ್ರದ ತಂತಿ, ಹುಬ್ಬಳ್ಳಿಯ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕಸಕ್ಕೆ ಹಾಕಿದ್ದು. ಬಾಲಕ್ಕೆ ಬ್ಯಾಡಗಿ ಮೆಣಸಿನಕಾಯಿ ಬಣ್ಣದ ರೇಷ್ಮೆ ದಾರ, ಎರಡೇ ಎಳೆ. ಅಷ್ಟೇ.

ಎಮ್ಮೆಗಳಿಂದ ಹರಿವಿನ ಕೆಳಬದಿಗೆ, ಅಂಚಿನಿಂದ ಒಂದಡಿ ತಿಳಿ ಬದಿಗೆ ಹಾಕಬೇಕು. ಹರಿವು ತಾನೇ ಅದನ್ನು ಗೆರೆಯೊಳಗೆ ಒಯ್ಯುತ್ತದೆ. ಸ್ಟ್ರಿಪ್ ಮಾಡಬೇಡಿ, ಅಂದರೆ ಲೈನು ಎಳೆಯಬೇಡಿ, ಲೈನನ್ನು ಹರಿವಿನ ಮೇಲ್ಬದಿಗೆ ಎತ್ತಿ ಹಾಕುವ ಒಂದು ಮೆಂಡ್ ಸಾಕು. ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ, ಲೈನಿನ ತುದಿ ಅರೆಕ್ಷಣ ನಿಲ್ಲುತ್ತದೆ. ಆಗ ಎತ್ತಿ. ಮೊದಲ ಎರಡು ಸಲ ತಡ ಮಾಡಿದೆ. ಮೂರನೆಯದಕ್ಕೆ ರಾಡ್ ಬಾಗಿತು. ನಾಲ್ಕನ್ನೂ ನೀರಿನಲ್ಲೇ ಬಿಡಿಸಿ ಬಿಟ್ಟೆ. ಐದನೆಯದಕ್ಕೆ ರಾಡನ್ನು ಹುಡುಗನ ಕೈಗೆ ಕೊಟ್ಟೆ, ಲೈನನ್ನು ಹಿಂದಕ್ಕೆ ಬೀಸದೆ ಹಾಕುವ ರೋಲ್ ಕಾಸ್ಟ್ ಅವನಿಗೆ ಹತ್ತು ನಿಮಿಷದಲ್ಲಿ ಬಂತು. ಬಾರಕೋಲು ಬೀಸುವ ಕೈ ಅಲ್ವಾ! ಮೀನು ತಪ್ಪಿಸಿಕೊಂಡಿತು, ಆದರೂ ಅವನ ಮುಖ ನೋಡಬೇಕಿತ್ತು.

ಎಮ್ಮೆಗಳು ಮೇಲೆದ್ದ ಇಪ್ಪತ್ತು ನಿಮಿಷಕ್ಕೆ ನೀರು ತಿಳಿಯಾಯಿತು, ಮೀನು ಕಚ್ಚುವುದೂ ನಿಂತಿತು. ಒಂದೇ ದಿನದ ಅದೃಷ್ಟ ಇರಬಹುದೇ ಎಂದು ಬುಧವಾರ ರಜೆ ಹಾಕಿ ಮತ್ತೆ ಹೋದೆ. ಎಮ್ಮೆ ಬರುವ ಮೊದಲು ಎರಡು ಗಂಟೆ ಹಾಕಿದೆ, ಸೊನ್ನೆ. ಬಂದ ಮೇಲೆ ಮೂರು.

ಒಂದು ಎಚ್ಚರಿಕೆ. ಮರಳು ತೆಗೆದ ಕಡೆ ಹೊಳೆಯಲ್ಲಿ ದಿಢೀರ್ ಆಳದ ಗುಂಡಿಗಳಿವೆ, ತುಂಗಭದ್ರೆಯಲ್ಲಿ ಮೊಸಳೆಯೂ ಇದೆ. ಎಮ್ಮೆ ಕಾಯುವವರನ್ನು ಕೇಳಿಯೇ ನೀರಿಗೆ ಕಾಲಿಡಿ. ದನ ಇಳಿಯುವ ಜಾಗ ಅವರಿಗೆ ತಲೆಮಾರುಗಳಿಂದ ಗೊತ್ತು. ನಾನು ದಂಡೆ ಬಿಟ್ಟು ಇಳಿದೇ ಇಲ್ಲ.

ಈಗ ಆ ತಪ್ಪು ಡಬ್ಬಿಗೆ ಬರೋಣ. 8 ವೇಟ್ ಲೈನು ಎಸೆಯುವುದಿಲ್ಲ, ಅದಕ್ಕೆ ಸಮುದ್ರದ ಯೋಚನೆ ಹತ್ತಿದೆ. ನಮ್ಮ ಧಾರವಾಡ ಒಂದು ಏಣಿನ ಮೇಲೆ ಕೂತಿದೆ ಎಂಬುದು ಈ ಅಲೆದಾಟದಲ್ಲೇ ನನಗೆ ಸರಿಯಾಗಿ ತಲೆಗೆ ಹೋಯಿತು. ಮೂಡಣಕ್ಕೆ ಬಿದ್ದ ಮಳೆ ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿ ಸೇರಿ, ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕಿ, ಗಂಗಾವಳಿ ಎಂದು ಹೆಸರು ಬದಲಿಸಿಕೊಂಡು ಅಂಕೋಲಾದ ಮಂಜಗುಣಿ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ನಮ್ಮೂರ ನೀರೇ ಅದು! ಆ ಅಳಿವೆಯಲ್ಲಿ ಸಿಹಿ ನೀರೂ ಉಪ್ಪು ನೀರೂ ಸೇರುವಲ್ಲಿ ಇಂಥದೇ ಗೆರೆ ಇರಬೇಕು. ಅಲ್ಲಿ ಎಮ್ಮೆಯ ಕೆಲಸವನ್ನು ಇಳಿತ ಮಾಡುತ್ತದೆ. ಭರತ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಇಳಿತ ಶುರುವಾದಾಗ ಕಾಂಡ್ಲಾ ಬೇರುಗಳ ನಡುವಿನಿಂದ ಸಿಗಡಿ, ಮರಿಮೀನು ಹೊರಗೆ ಬರುತ್ತವೆ, ಅಂಚಿನಲ್ಲಿ ಕೆಂಬೇರಿ, ಬಾರಾಮುಂಡಿ ಕಾಯುತ್ತವೆ. ಮರಿಮೀನಿನಂತೆ ಕಾಣುವ ಬಿಳಿ-ಹಸಿರು ಕ್ಲೌಸರ್ ಮಿನ್ನೋ ಫ್ಲೈ ಆರು ಕಟ್ಟಿಟ್ಟಿದ್ದೇನೆ, ಸ್ಟೇನ್‌ಲೆಸ್ ಹುಕ್ಕಿಗೆ. 8 ವೇಟ್ ರಾಡ್ ಇನ್ನೂ ಇಲ್ಲ. ಯಾರ ಹತ್ತಿರವಾದರೂ ಹಳೆಯದು ಇದ್ದರೆ ಹೇಳಿ, ನಾನೇ ಬಂದು ಕೈಯಲ್ಲಿ ಹಿಡಿದು ನೋಡಿ ತೆಗೆದುಕೊಳ್ಳುತ್ತೇನೆ. ಮತ್ತೆ ಐದು ವಾರ ಕಾಯಲಾರೆ.

ಅದಕ್ಕೂ ಮುಂಚೆ ಈ ಭಾನುವಾರ ಹೊಳೆಯ ಅದೇ ಕಲ್ಲಿನ ಹಾಸಿನ ಬಳಿಗೆ. ಬಿಸಿಲು ಏರಿದರೆ ಎಮ್ಮೆಗಳನ್ನು ಹತ್ತೂವರೆಗೇ ಇಳಿಸುತ್ತೇನೆ ಎಂದು ಹುಡುಗ ಹೇಳಿದ್ದಾನೆ. ಅವನಿಗಾಗಿ ಒಂದು ಬಿದಿರಿನ ಚಿಕ್ಕ ರಾಡ್ ಕಟ್ಟುತ್ತಿದ್ದೇನೆ, ವಾರ್ನಿಶ್ ಇನ್ನೂ ಒಣಗಬೇಕು.