ಪೇಂಟಿಂಗ್ ಖರ್ಚು

ಮೊನ್ನೆ ಗುರುವಾರ ಮಗ ಸ್ಕೂಲಿಂದ ಬಂದವ್ನೇ ಬ್ಯಾಗ್ ಎಸೆದು ರೂಮ್ ಸೇರ್ಕೊಂಡ. 15 ವರ್ಷ, ಮಾಮೂಲಿ ಅಂತ ಸುಮ್ನಾದೆ. ರಾತ್ರಿ ಸಾರನ್ನ ಕಲಸ್ತಾ ಹೇಳ್ದ, ಎಥಿಕ್ಸ್ ಕ್ಲಾಸಲ್ಲಿ 'ಕ್ರೀಗರಿನ್' ಸಿನಿಮಾ ತೋರಿಸಿದ್ರಂತೆ.

2011ರ ಸಿನಿಮಾ, ನಾನೂ ನೋಡಿದೀನಿ. ಪೂರ್ವ ಜರ್ಮನಿಯ ಸಣ್ಣ ಊರು, ಸೂಪರ್ ಮಾರ್ಕೆಟ್ಟಲ್ಲಿ ಬಿಲ್ ಹಾಕೋ ಹುಡುಗಿ ಮಾರಿಸಾ, ಮೈಮೇಲೆ ನಾಜಿ ಟ್ಯಾಟೂ, ಅಫ್ಘಾನ್ ಹುಡುಗ್ರು ಸಾಮಾನು ತಂದಿಟ್ರೆ ಬಿಲ್ ಹಾಕಲ್ಲ ಅಂತಾಳೆ, ಕೊನೆಗೆ ಅವ್ರಲ್ಲೇ ಒಬ್ಬನ್ನ ಸ್ವೀಡನ್ನಿಗೆ ದಾಟಿಸೋಕೆ ಒದ್ದಾಡ್ತಾಳೆ. ಅಲೀನಾ ಲೆವ್ಶಿನ್ ಆಕ್ಟಿಂಗ್ ನೋಡಿದ್ಮೇಲೆ ಒಂದು ವಾರ ನಾನು ಇಲ್ಲಿ ಬಿಲ್ಲಿಂಗ್ ಕ್ಯೂನಲ್ಲಿ ನಿಂತಾಗೆಲ್ಲ ಆ ಕಡೆ ಕೂತವ್ರ ಕತ್ತು ನೋಡ್ತಿದ್ದೆ, ಟ್ಯಾಟೂ ಇದ್ಯಾ ಅಂತ!

ನಾವಿರೋದೂ ಪೂರ್ವ ಜರ್ಮನಿಯ ಊರಲ್ಲೇ, ಯೇನಾದಲ್ಲಿ. 2000ದಿಂದ 2007ರೊಳಗೆ 10 ಜನರನ್ನ ಕೊಂದ ನವನಾಜಿ ಎನ್‌ಎಸ್‌ಯು ಗ್ಯಾಂಗಿನ ಮೂವರೂ ಇದೇ ಊರಿನೋರು. 2024ರ ರಾಜ್ಯ ಚುನಾವಣೆಲಿ ವಲಸಿಗರನ್ನ ವಿರೋಧಿಸೋ ಪಕ್ಷ ಎಎಫ್‌ಡಿ ಮೊದಲನೇ ಸ್ಥಾನಕ್ಕೆ ಬಂದಾಗ ಬೆಂಗಳೂರಿಂದ ಸಾಲಾಗಿ ಫೋನು, "ಅಲ್ಲಿ ಸೇಫಾ? ಬಂದ್ಬಿಡ್ರೇ" ಅಂತ. ಅಪ್ಪ ಅಂತೂ ದಿನಾ.

ಸಿನಿಮಾ ಆದ್ಮೇಲೆ ಟೀಚರ್ ಪಕ್ಕದೂರು ಗೇರಾದ ಕಥೆ ಹೇಳಿದ್ರಂತೆ, ಅದು ಇವ್ನಿಗೆ ಸಖತ್ ಇಷ್ಟ ಆಗಿದೆ. 2011ರಲ್ಲಿ ಅಲ್ಲಿ ನಾಜಿ ಹುಡುಗ್ರ ರಾಕ್ ಶೋ ನಡೀತು, ಯಾರೋ 250 ಟೀ ಶರ್ಟ್ ಫ್ರೀಯಾಗಿ ಹಂಚಿದ್ರು, ತಲೆಬುರುಡೆ, ಬಾವುಟ, ಅವ್ರದ್ದೇ ಘೋಷಣೆ. ಮನೆಗೆ ಹೋಗಿ ಒಂದ್ಸಲ ಒಗೆದ್ರೆ ಮೇಲಿನ ಪ್ರಿಂಟ್ ಹೋಗಿ ಅಡಿಲಿ ಬೇರೆ ಬರಹ: ನಿನ್ನ ಟೀ ಶರ್ಟ್ ಕೈಲಾಗಿದ್ದು ನಿನ್ನ ಕೈಲೂ ಆಗತ್ತೆ, ಬಿಟ್ಟು ಬರೋಕೆ ನಾವು ಸಹಾಯ ಮಾಡ್ತೀವಿ. ಮಾಡಿದ್ದು ಎಕ್ಸಿಟ್ ಅನ್ನೋ ಸಂಸ್ಥೆ, 2000ದಲ್ಲಿ ಒಬ್ಬ ಮಾಜಿ ಪೊಲೀಸೂ ಒಬ್ಬ ಮಾಜಿ ನಾಜಿ ಲೀಡರೂ ಸೇರಿ ಶುರು ಮಾಡಿದ್ದು. ಅವ್ರವ್ರ ಅಮ್ಮಂದಿರು ವಾಷಿಂಗ್ ಮಷೀನ್ ತೆಗೆದಾಗಿನ ಮುಖ ನೆನೆಸ್ಕೊಂಡು ಇಬ್ರೂ ನಕ್ವಿ.

ನಗು ನಿಂತ್ಮೇಲೆ ಕೇಳ್ದ. "ಅಮ್ಮಾ, ಆ ಹುಡುಗಿಗೆ ಇದನ್ನೆಲ್ಲ ತಲೆಗೆ ತುಂಬಿದ್ದು ಅವಳ ತಾತ. ಅವಳಿಗೆ ತಾತ ಅಂದ್ರೆ ಪ್ರಾಣ. ನಮ್ ತಾತ ಯಾಕೆ ಮೇಲಿನ ಮನೇನ ಚಿಂಕಿಗಳಿಗೆ ಕೊಡಲ್ಲ ಅಂತಾರೆ?"

ಕೊಟ್ಟಿದ್ರು ಕಣೋ ಅಂದೆ, ಅಂದು ಸಿಕ್ಹಾಕ್ಕೊಂಡೆ.

2012, ಈಜಿಪುರದ ನಮ್ಮನೆ ಮಹಡಿಲಿ ಅಸ್ಸಾಮಿನ ಮೂರು ಹುಡುಗ್ರು. ಒಬ್ಬ ಸೆಕ್ಯೂರಿಟಿ, ಇಬ್ರು ಹೋಟೆಲಲ್ಲಿ. ನಾನು ಬಾಣಂತನಕ್ಕೆ ಬಂದೋಳು ಇನ್ನೂ ಅಲ್ಲೇ ಇದ್ದೆ, ಇವನನ್ನ ಎತ್ಕೊಂಡು ಟೆರೇಸಲ್ಲಿ ವಿಮಾನ ತೋರಿಸ್ತಿದ್ದದ್ದು ಅವ್ರೇ. ಆಗಸ್ಟಲ್ಲಿ ಮೊಬೈಲಲ್ಲಿ ಆ ಮೆಸೇಜ್‌ಗಳು ಹರಿದಾಡಿದ್ವಲ್ಲ, ಈಶಾನ್ಯದೋರ ಮೇಲೆ ದಾಳಿ ಮಾಡ್ತಾರಂತೆ ಅಂತ, ಸಾವಿರಾರು ಜನ ಸಿಟಿ ಸ್ಟೇಷನ್ನಿಗೆ ಓಡಿದ್ರು, ಗುವಾಹಟಿಗೆ ಸ್ಪೆಷಲ್ ಟ್ರೇನ್ ಬಿಟ್ರು. ಇವ್ರೂ ರಾತ್ರಿ ಅಪ್ಪನ ಕೈಗೆ ಬೀಗದ ಕೈ ಕೊಟ್ಟು ಹೋದ್ರು. "ಇರ್ರಪ್ಪಾ, ನಾವಿದೀವಿ" ಅಂತ ಯಾರೂ ಅನ್ಲಿಲ್ಲ. ನಾನೂ ಅನ್ಲಿಲ್ಲ.

ಒಂದು ತಿಂಗಳಾದ್ಮೇಲೆ ಅವರಲ್ಲೊಬ್ಬ ಸಾಮಾನು ತಗೊಳ್ಳೋಕೆ ಬಂದ. ಲೆಕ್ಕ ಹಾಕಿದ್ದು ನಾನು, ಬಿ.ಕಾಂ ಅಲ್ವಾ, ಕ್ಯಾಲೆಂಡರ್ ಹಾಳೆ ಹಿಂದೆ. ಅಡ್ವಾನ್ಸ್ 60 ಸಾವಿರ. ಪೇಂಟಿಂಗಿಗೆ 6 ಕಳೆದೆ. ಬೀಗ ಹಾಕಿದ್ದ ತಿಂಗಳ ಬಾಡಿಗೆ ಇನ್ನೊಂದು 6. ಅವ್ನು 48 ಎಣಿಸ್ಕೊಂಡು "ಥ್ಯಾಂಕ್ಯೂ ಅಂಕಲ್" ಅಂದು, ಇವ್ನ ಕೆನ್ನೆ ಮುಟ್ಟಿ ಹೋದ.

"ಆ ತಿಂಗಳು ಅವ್ರು ಇರ್ಲೇ ಇಲ್ವಲ್ಲಾ?" ಅಂದ ಮಗ.

ಸಾರು ಆರಿತ್ತು, ಬಿಸಿ ಮಾಡ್ಕೊಂಡ್ ಬರ್ತೀನಿ ಅಂತ ಎದ್ದೆ.

ಭಾನುವಾರ ಅಪ್ಪನ ವಿಡಿಯೋ ಕಾಲು. "ಎಲ್ಲಮ್ಮ ನನ್ ಹೀರೋ? ಕರಿ" ಅಂದ್ರು. ರೂಮಿನ ಬಾಗಿಲು ಹಾಕಿತ್ತು. ನಾಳೆ ಟೆಸ್ಟ್ ಇದೆ ಅಪ್ಪಾ, ಓದ್ತಿದಾನೆ ಅಂದೆ.