ಟಿಸಿ ಮೊದಲೋ, ಸೀಟು ಮೊದಲೋ

"ಟಿಸಿ ತಂದ್ಮೇಲೆ ನೀವು ಸೀಟಿಲ್ಲ ಅಂದ್ರೆ ನಾನೆಲ್ಲಿಗೆ ಹೋಗ್ಲಿ ಸರ್?"

ಅಕ್ಕನ ಮಗಳು ಈ ವಾರ ಕಾರವಾರದ ಕಾಲೇಜೊಂದರ ಕೌಂಟರಿನಲ್ಲಿ ಕೇಳಿದ ಮಾತಿದು. ದನಿ ಏರಿಸಲಿಲ್ಲ, ಅಳಲಿಲ್ಲ. ಪ್ಲಾಸ್ಟಿಕ್ ಫೈಲನ್ನು ಎದೆಗೊತ್ತಿಕೊಂಡು ಕೇಳಿದಳು. ಗುಮಾಸ್ತರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಮೊದ್ಲು ಟಿಸಿ ತಕ್ಕೊಂಡು ಬಾ ತಂಗಿ, ಆಮೇಲೆ ನೋಡುವಾ" ಎಂದರು.

ಗೋವಾದ ಮಡಗಾವಿನಲ್ಲಿ ಬಿ.ಎ. ಮೊದಲ ವರ್ಷ ಮುಗಿಸಿದ ಹುಡುಗಿ. ಭಾವ ಬೋಟಿನಲ್ಲಿ ಬಿದ್ದು ಹಾಸಿಗೆ ಹಿಡಿದ ಮೇಲೆ ಅಕ್ಕನಿಗೆ ಒಬ್ಬಳಿಂದಲೇ ಮನೆ ನಡೆಸಲು ಆಗುತ್ತಿಲ್ಲ. ಮಗಳು ಊರಲ್ಲಿದ್ದೇ ಓದಲಿ ಎಂದು ಹೊರಟರೆ, ಅಲ್ಲಿನ ಕಾಲೇಜಿನವರು, "ಕಾರವಾರದವರು ತಗೊಳ್ತೇವೆ ಅಂತ ಬರೆದುಕೊಡಲಿ, ಹೋಗೋಕೆ ಅಡ್ಡಿಯಿಲ್ಲ ಅನ್ನೋ ಎನ್‌ಒಸಿ ಕೊಡ್ತೇವೆ" ಎನ್ನುತ್ತಾರೆ. ಅವರ ಮಾತು ಸರಿಯಾಗಿಯೇ ಇದೆ. ಇಲ್ಲಿ ಸೀಟು ಖಾತ್ರಿಯಾಗದೆ ಅಲ್ಲಿ ಹೆಸರು ತೆಗೆಸಿದರೆ ಒಂದು ವರ್ಷದ ಓದು ನೀರಿಗೆ ಬಿದ್ದ ಹಾಗೆ. ಆ ಅಪಾಯ ಪೂರ್ತಿ ಹುಡುಗಿಯದು; ಎರಡೂ ಕಾಲೇಜಿಗೆ ಕಳೆದುಕೊಳ್ಳುವುದು ಏನೂ ಇಲ್ಲ.

ಆ ಗುಮಾಸ್ತರು ಕೆಟ್ಟವರಲ್ಲ. ಅಡ್ಮಿಷನ್ ಹೊತ್ತು, ಸರದಿ ಬಾಗಿಲಾಚೆಗೂ ಇತ್ತು. ಆದರೆ ಅಷ್ಟು ಜನರ ಎದುರು ಜೋರಾಗಿ "ನಡುವೆ ಯಾಕೆ ಬಿಟ್ಟೆ?" ಎಂದು ಕೇಳಿದ್ದನ್ನು ನಾನು ಒಪ್ಪುವುದಿಲ್ಲ. ಅವಳು ಅಪ್ಪನ ಸೊಂಟದ ಕತೆಯನ್ನು ಗುರುತಿಲ್ಲದ ಹುಡುಗರ ಮುಂದೆ ಹೇಳಬೇಕಾಯಿತು. ಕಾರಣ ಅರ್ಜಿಯಲ್ಲಿ ಬರೆದೇ ಇತ್ತು. ನಡು ಓದಿನಲ್ಲಿ ಕಾಲೇಜು ಬದಲಿಸುವವರು ಯಾರು? ಮನೆಯಲ್ಲಿ ಸಾವುನೋವು ಕಂಡವರು, ತಂದೆಗೆ ವರ್ಗವಾದವರು, ಮದುವೆಯಾಗಿ ಬಂದವರು. ಖುಷಿಗೆ ಅಲೆಯುವವರು ತೀರಾ ಕಡಿಮೆ.

ಪಕ್ಕದ ಮೇಜಿನ ಮೇಡಂ ಮಾತ್ರ ಎದ್ದು ಹೊರಗೆ ಬಂದು, ವರಾಂಡದ ಬೆಂಚಿನ ಮೇಲೆ ನಮ್ಮ ಜೊತೆ ಕೂತು ಬಿಡಿಸಿ ಹೇಳಿದರು. ಗೋವಾ ವಿಶ್ವವಿದ್ಯಾಲಯದಿಂದ ಬರುವವರಿಗೆ ಅಂಕಪಟ್ಟಿ, ಟಿಸಿ ಸಾಲದು. ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಹೋಗುವವರಿಗೆ ಕೊಡುವ ಮೈಗ್ರೇಶನ್ ಪತ್ರ ಬೇಕು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅರ್ಹತಾ ಪತ್ರವೂ ಬೇಕು. ಮೂಲ ಅಂಕಪಟ್ಟಿಯನ್ನು ನೋಡಿ ವಾಪಸು ಕೊಡಬೇಕೇ ಹೊರತು ಕಾಲೇಜು ಇಟ್ಟುಕೊಳ್ಳುವಂತಿಲ್ಲ, 2018ರಲ್ಲೇ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಹೇಳಿದೆ ಎಂದೂ ನೆನಪಿಸಿದರು.

ದೊಡ್ಡ ಗಂಟು ಇರುವುದು ವಿಷಯಗಳಲ್ಲಿ. ಕರ್ನಾಟಕ 2021-22ರಲ್ಲಿ ಹೊಸ ಶಿಕ್ಷಣ ನೀತಿ ತಂದು, 2024-25ರಿಂದ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಗೋವಾ 2023-24ರಲ್ಲಿ ಅದೇ ನೀತಿಗೆ ಕಾಲಿಟ್ಟಿತು. ಇವಳು ಅಲ್ಲಿ ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿ, ಇತಿಹಾಸವನ್ನು ಮೈನರ್, ಅಂದರೆ ಜೊತೆಯ ವಿಷಯವಾಗಿ ಓದಿದ್ದಾಳೆ. ಇಲ್ಲಿ ಬಿ.ಎ.ಗೆ ಮೂರು ವಿಷಯ. ಮೂರನೆಯದರ ಮೊದಲ ವರ್ಷದ ಪೇಪರುಗಳ ಗತಿ ಏನು? ಪೇಪರು ಪಾಸಾಗಿ ಗಳಿಸಿದ ಕ್ರೆಡಿಟ್ಟುಗಳು ಯುಜಿಸಿಯ ಕ್ರೆಡಿಟ್ ಬ್ಯಾಂಕಿನಲ್ಲಿ ಭದ್ರವಾಗಿರಬಹುದು, ಆದರೆ ಅವು ಇಲ್ಲಿನ ಪಾಠಕ್ಕೆ ಹೊಂದುತ್ತವೆಯೇ ಎಂದು ತೀರ್ಮಾನಿಸುವುದು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯ.

ನಮ್ಮ ಮಾಜಾಳಿ ದಾಟಿದರೆ ಗೋವಾದ ಪೋಳೆ. ಆಚೆಗೂ ಈಚೆಗೂ ಕೊಂಕಣಿ, ಆಚೆಗೂ ಈಚೆಗೂ ನೆಂಟರು. ಕೆಲಸಕ್ಕೆ, ಆಸ್ಪತ್ರೆಗೆ ನಾವು ದಿನಾ ಗಡಿ ದಾಟುವವರು. ಗಡಿಯ ಊರಿನ ಕಾಲೇಜಿಗೆ ಇಂಥ ಮಕ್ಕಳು ಪ್ರತಿ ವರ್ಷ ಬರುತ್ತಾರೆಂದು ಗೊತ್ತಿರಬೇಕಲ್ಲ? ಪರಿಶೀಲನೆ ಬೇಡ ಎನ್ನುತ್ತಿಲ್ಲ. ಸುಳ್ಳು ಅಂಕಪಟ್ಟಿ ತರುವವರೂ ಇದ್ದಾರೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಕೌಂಟರಿನಲ್ಲಿ ಕೂತವರ ಬಾಯಿಂದಲೇ ತಿಳಿಯಬೇಕು ಎಂದರೆ, ಜೊತೆಗೆ ದೊಡ್ಡವರಿಲ್ಲದೆ ಬರುವ ಮಕ್ಕಳ ಪಾಡೇನು?

ಕೊನೆಗೆ ಪ್ರಾಂಶುಪಾಲರನ್ನೇ ಕಂಡೆವು. ಅವಳು ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಕೇಳಿದಳು. ಅವರು ಅರ್ಜಿ ಪೂರ್ತಿ ಓದಿದರು. ವಿಶ್ವವಿದ್ಯಾಲಯ ಅರ್ಹತೆ ಒಪ್ಪಿದರೆ ಮೂರನೇ ಸೆಮಿಸ್ಟರಿಗೆ ಸೇರಿಸಿಕೊಳ್ಳುತ್ತೇವೆ ಎಂದು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆಸಿ ಸಹಿ ಹಾಕಿದರು. ಮೊದಲು ಈ ಪತ್ರ, ಆಮೇಲೆ ಹಳೆಯ ಕಾಲೇಜಿನ ಎನ್‌ಒಸಿ, ನಂತರ ಟಿಸಿ ಮತ್ತು ಮೈಗ್ರೇಶನ್, ಕಡೆಗೆ ಅರ್ಹತಾ ಪತ್ರದ ಅರ್ಜಿ ಎಂಬ ಈ ಸಾಲನ್ನು ಒಂದು ಹಾಳೆಯಲ್ಲಿ ಬರೆದು ಕೌಂಟರಿನ ಗಾಜಿಗೆ ಅಂಟಿಸಿ ಎಂದು ಕೇಳಿಕೊಂಡೆ. ಆಗಲಿ ಎಂದಿದ್ದಾರೆ. ಸೋಮವಾರದ ರೈಲಿಗೆ ಹುಡುಗಿ ಮಡಗಾವಿಗೆ ಹೋಗುತ್ತಾಳೆ. ಮೂರನೇ ವಿಷಯದ ಮಾತು ಧಾರವಾಡದಿಂದ ಬರಬೇಕು.